ಬ್ರೇಕಿನ ಮೇಲಿಟ್ಟ ಕಾಲು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಎಪ್ಪತ್ತರ ದಶಕದ ಕೆಲವು ವರ್ಷ, ಗೋರೆಗಾಂವ್‌ನ ನಮ್ಮ ಕಾಲನಿಯ ಹೆಂಗಸರೆಲ್ಲ ನನ್ನನ್ನು ಭಾರೀ ಧೈರ್ಯದ ಡ್ರೈವರ್ ಅಂದುಕೊಂಡಿದ್ದರು. ಅವರ ತಪ್ಪೇನಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಊಟದ ಹೊತ್ತಿನವರೆಗೆ ಅವರು ನೋಡುತ್ತಿದ್ದುದು ನನ್ನನ್ನು ಡ್ರೈವರ್ ಸೀಟಿನಲ್ಲೇ. ಕಾರು ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು, ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿರುತ್ತಿದ್ದವು. ಆ ಕಾಲು ನನ್ನ ಗಂಡನವು.

ನನ್ನ ಗಂಡ ಪವಾಯಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿದ್ದ ಜರ್ಮನ್ ಸಾಹೇಬ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ತನ್ನ ಕಾರನ್ನು ಇವರಿಗೆ ಕೊಟ್ಟು ಹೋದ. ಕಪ್ಪು ಬಣ್ಣ, ತೊಗಲಿನ ಸೀಟು, ಡ್ಯಾಶ್‌ಬೋರ್ಡಿಗೆ ನಿಜವಾದ ಮರ. ಸ್ಟೀರಿಂಗ್ ಎಡಗಡೆ. ಧಾರವಾಡದಲ್ಲಿ ಸೈಕಲ್ ತುಳಿದು ಕಾಲೇಜು ಮುಗಿಸಿದ ಮನುಷ್ಯನಿಗೆ ಅಂಥ ಕಾರು ಸಿಕ್ಕರೆ ಏನಾಗಬೇಕೋ ಅದೇ ಆಯಿತು. ನಮಗೆ ಇನ್ನೂ ಮಕ್ಕಳಿರಲಿಲ್ಲ. ಮನೆಯ ಮುದ್ದೆಲ್ಲ ಅದಕ್ಕೇ ಹೋಯಿತು.

ಮೊದಲ ವರ್ಷ ಅದನ್ನು ಸರ್ವೀಸಿಗೆಂದು ಕಾರಿನ ಕಂಪನಿಯ ವರ್ಕ್‌ಶಾಪಿಗೆ ಕೊಟ್ಟಿದ್ದರು. ಕೊಡುವ ಮುಂಚೆ ಎಂಜಿನ್ನಿನ ಅಡಿಯ, ಆಯಿಲ್ ಇಳಿಸುವ ನಟ್ಟಿಗೆ ನನ್ನ ಹೊಲಿಗೆ ಡಬ್ಬಿಯಿಂದ ಒಂದೆಳೆ ದಾರ ತೆಗೆದುಕೊಂಡು ಹೋಗಿ ಸುತ್ತಿದ್ದರು. ಕಾರು ಮರಳಿ ಬಂತು, ಆಯಿಲ್ ಬದಲಾಯಿಸಿದ್ದೇವೆ ಎಂಬ ಚೀಟಿಯೂ ಬಂತು, ದಾರ ಸುತ್ತಿದ ಹಾಗೇ ಇತ್ತು. ಅವತ್ತು ಅವರಿಗೆ ಬಂದ ಸಿಟ್ಟಿಗಿಂತ ಆದ ಖುಷಿಯೇ ಹೆಚ್ಚು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆ ದಾರವನ್ನು ಬಿಚ್ಚಿ ತಂದು ನನಗೆ ತೋರಿಸಿದರು.

"ನೋಡಿದೇನು? ಇನ್ನ ಮ್ಯಾಲೆ ಈ ಕಾರಿಗೆ ಬ್ಯಾರೆಯವರ ಕೈ ಹತ್ತಂಗಿಲ್ಲ."

ಬೇರೆಯವರ ಕೈ ಹತ್ತಲಿಲ್ಲ, ನನ್ನ ಕಾಲು ಹತ್ತಿತು. ಆಯಿಲ್ ಬದಲಿಸುವುದು, ಪ್ಲಗ್ ಸ್ವಚ್ಛ ಮಾಡುವುದು, ಇವೆಲ್ಲ ಒಬ್ಬರೇ ಮಾಡಬಹುದಾದ ಕೆಲಸ. ಬ್ರೇಕಿನದು ಹಾಗಲ್ಲ. ಬ್ರೇಕ್ ಆಯಿಲ್ಲಿನ ಪೈಪಿನೊಳಗೆ ಗಾಳಿ ಸೇರಿದರೆ ಬ್ರೇಕು ಹಿಡಿಯುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕುಳಿತು ಪೆಡಲ್ ತುಳಿದು ಹಿಡಿದುಕೊಳ್ಳಬೇಕು, ಇನ್ನೊಬ್ಬರು ಕೆಳಗೆ ಗಾಲಿಯ ಹಿಂದಿನ ಸಣ್ಣ ನಟ್ಟನ್ನು ಸಡಿಲಿಸಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿಯಬೇಕು. ನಟ್ ಬಿಗಿಯುವ ಮೊದಲೇ ಮೇಲಿನವರು ಕಾಲು ತೆಗೆದರೆ ಹೋದ ಗಾಳಿಯೆಲ್ಲ ವಾಪಸ್ ಒಳಗೆ. ಮೊದಲಿನಿಂದ ಶುರು.

"ತುಳಿ," ಎನ್ನುತ್ತಿದ್ದರು ಕೆಳಗಿನಿಂದ. ಮೂರು ಸಲ ತುಳಿಯುತ್ತಿದ್ದೆ. "ಹಿಡಿ." ಹಿಡಿಯುತ್ತಿದ್ದೆ. ನನ್ನ ಕಾಲಡಿ ಪೆಡಲು ಮೆಲ್ಲಗೆ ನೆಲಕ್ಕಿಳಿಯುತ್ತಿತ್ತು. ಆಮೇಲೆ ಎಷ್ಟೋ ಹೊತ್ತಿಗೆ, ಅವರು ಅಲ್ಲಿ ಏನನ್ನೋ ನೋಡಿ, ಏನನ್ನೋ ಒರೆಸಿ, ನನ್ನ ನೆನಪಾದಾಗ, "ಬಿಡು."

ಆ ಕಾರಿನ ಬ್ರೇಕಿನ ರಬ್ಬರುಗಳು ಹಳೆಯವಾಗಿದ್ದವು. ಒಂದು ವಾರ ಗಾಳಿ ತೆಗೆದರೆ ಇನ್ನೊಂದು ವಾರಕ್ಕೆ ಮತ್ತೆ ಸೇರಿಕೊಳ್ಳುತ್ತಿತ್ತು. ಹೊಸ ರಬ್ಬರ್ ಈ ದೇಶದಲ್ಲಿ ಸಿಗುತ್ತಿರಲಿಲ್ಲ. ಹೀಗಾಗಿ ವಾರ ವಾರವೂ ತುಳಿ, ಹಿಡಿ, ಬಿಡು. ಬಿಸಿಲಿಗೆ ತೊಗಲಿನ ಸೀಟು ಕಾದು ಬೆನ್ನಿಗೆ ಅಂಟುತ್ತಿತ್ತು, ಕೆಳಗೆ ಟವೆಲ್ ಹಾಸಿಕೊಳ್ಳುತ್ತಿದ್ದೆ. ಪುಸ್ತಕ ಓದುವ ಹಾಗಿರಲಿಲ್ಲ, ಓದಿದರೆ ಲಕ್ಷ್ಯ ತಪ್ಪುತ್ತದಂತೆ. ಗಾಜಿನಾಚೆ ಕಾಲನಿಯ ಜನ ಚೀಲ ಹಿಡಿದು ಸ್ಟೇಷನ್ನಿನ ಕಡೆ ಹೋಗುತ್ತಿದ್ದರು, ಬರುತ್ತಿದ್ದರು. ಯಾರಾದರೂ ಕೈ ಬೀಸಿದರೆ ನಾನೂ ಬೀಸುತ್ತಿದ್ದೆ. ಕಾಲು ಮಾತ್ರ ಅಲ್ಲೇ.

ಒಮ್ಮೆ ಕೇಳಿದ್ದೆ, "ಇಷ್ಟು ಕೂಡೋದು ಕೂತೀನಿ, ಓಡಸೂದು ಕಲಸ್ರಲ್ಲ?"

"ಈ ಕಾರಿನ ಕ್ಲಚ್ ಭಾಳ ನಾಜೂಕದ," ಎಂದರು ಕೆಳಗಿನಿಂದ. "ತುಳಿ."

ನಾನು ಮದುವೆಗೆ ಮುಂಚೆ ಧಾರವಾಡದಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿ ಎರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ನಲವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂರಿಸುತ್ತಿದ್ದವಳು. ಮುಂಬಯಿಗೆ ಬಂದ ಮೇಲೆ ಎರಡು ಕೋಣೆಯ ಮನೆ, ಒಂದು ಹೊಲಿಗೆ ಮಷೀನು, ಮತ್ತು ಈ ಪೆಡಲು. ಇದನ್ನು ನಾನು ಯಾರ ಮುಂದೆಯೂ ದೂರಿಕೊಂಡವಳಲ್ಲ. ಯಾರೂ ಹೊಡೆದಿಲ್ಲ, ಬೈದಿಲ್ಲ. ದೂರಲು ಏನು ಹೆಸರು ಹಿಡಿಯಬೇಕು ಎಂಬುದೇ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಶ್ರಾವಣದಲ್ಲಿ ಪವಾಯಿಯ ಕನ್ನಡ ಸಂಘದ ಹಿರಿಯರೊಬ್ಬರು ಮನೆಗೆ ಬಂದರು. ಬಿಜಾಪುರದ ಕಡೆಯವರು, ರೈಲ್ವೆಯಿಂದ ನಿವೃತ್ತರಾದವರು.

"ತಂಗೀ, ನೀವು ಟ್ರೇನಿಂಗ್ ಆದ ಟೀಚರಂತ ಕೇಳೀನಿ. ನಮ್ಮ ಹುಡುಗೂರಿಗೆ ಕನ್ನಡ ಕಿವಿಗೆ ತಿಳೀತದ, ಬಾಯಿಗೆ ಬರಂಗಿಲ್ಲ. ಊರಿಗೆ ಹೋದ್ರ ಅಜ್ಜಿ ಕೂಡ ಹಿಂದಿ ಮಾತಾಡ್ತಾವು. ಆಯತವಾರ ಮುಂಜಾನೆ ಎರಡು ತಾಸು ಕ್ಲಾಸ್ ತಗೋರಿ. ದಸರಾ ಆದ ಮ್ಯಾಲಿನ ಆಯತವಾರ ಶುರು ಮಾಡೋಣು. ಸಂಘದಾಗ ಕೂಡಲಿಕ್ಕೆ ಕೋಲೀ ಅದ, ಬೋರ್ಡ್ ಅದ. ಟೀಚರ್ ಒಬ್ಬರ ಇಲ್ಲ."

ಭಾನುವಾರ ಬೆಳಿಗ್ಗೆ, ಎರಡು ತಾಸು! ನಾಚಿಕೆಯಿಲ್ಲದೆ ಹೇಳುತ್ತೇನೆ, ಮದುವೆಯ ಪ್ರಸ್ತಾಪ ಬಂದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ಬೇಡ ಎನ್ನಲಿಲ್ಲ. ಅವರು ಯಾವತ್ತೂ ಬೇಡ ಎಂದವರೇ ಅಲ್ಲ.

"ಹೋಗಲಿ ಅಲ್ಲ, ಛಲೋನ ಆತು," ಎಂದರು. "ಕಾರಿನ ಕೆಲಸ ಒಂದು ಮುಗದ್ರ ಆತು."

ಹಿರಿಯರು ನಕ್ಕು ಹೋದರು. ಕಾರಿನ ಕೆಲಸ ಮುಗಿಯುವಂಥದ್ದಲ್ಲ ಎಂದು ಅವರಿಗೆ ಹೇಗೆ ತಿಳಿಯಬೇಕು? ನಾನು ಮಾತ್ರ ಅವತ್ತಿನಿಂದ ಒಂದು ಚೀಲದಲ್ಲಿ ಸೀಮೆಸುಣ್ಣ, ಅಂಕಲಿಪಿ, ರಟ್ಟಿನಲ್ಲಿ ಕತ್ತರಿಸಿದ ಅಕ್ಷರಗಳನ್ನು ಕೂಡಿಹಾಕತೊಡಗಿದೆ.

ದೇವರು ಕಣ್ಣು ಬಿಟ್ಟ ಎಂದುಕೊಂಡೆ, ಏಕೆಂದರೆ ನವರಾತ್ರಿಯಲ್ಲಿ ಆ ಜರ್ಮನ್ ಸಾಹೇಬನಿಂದ ಒಂದು ಪೊಟ್ಟಣ ಬಂತು. ಒಳಗೆ ಬ್ರೇಕಿನ ಹೊಸ ರಬ್ಬರುಗಳ ಪೂರ್ತಿ ಸೆಟ್ಟು. ಸಣ್ಣ ಬಟ್ಟಲಿನಾಕಾರದ, ಕಪ್ಪಗೆ ಮಿಂಚುವ ರಬ್ಬರು. ನನ್ನ ಗಂಡ ಅವನ್ನು ಅಂಗೈಯಲ್ಲಿಟ್ಟುಕೊಂಡು ಮಗುವಿನಂತೆ ನಕ್ಕರು.

"ಇವನ್ನು ಹಾಕಿದ್ರ ಎರಡು ವರ್ಷ ಬ್ರೇಕ್ ಮುಟ್ಟೂದು ಬ್ಯಾಡ. ನೀ ಆರಾಮ ಕ್ಲಾಸಿಗೆ ಹೋಗು. ಮೊದಲನೇ ದಿನ ನಾನ ಕಾರಿನಾಗ ಬಿಡ್ತೀನಿ."

ಮರುದಿನ ಖಂಡೇನವಮಿ. ನಮ್ಮ ಕಡೆ ಅವತ್ತು ಮನೆಯ ಹತಾರುಗಳನ್ನೆಲ್ಲ ತೊಳೆದು ಒರೆಸಿ ದೇವರ ಮುಂದಿಟ್ಟು ಪೂಜೆ ಮಾಡುತ್ತಾರೆ, ದಿನವಿಡೀ ಅವನ್ನು ಯಾರೂ ಮುಟ್ಟುವುದಿಲ್ಲ. ಆ ಕೆಲಸ ಪ್ರತಿ ವರ್ಷ ನನ್ನದೇ. ಹೊಲಿಗೆ ಮಷೀನಿನ ಧೂಳು ತೆಗೆದು, ಅದರ ತೂತು ತೂತಿಗೂ ಉದ್ದ ಮೂಗಿನ ಡಬ್ಬಿಯಿಂದ ಮಷೀನ್ ಎಣ್ಣೆ ಬಿಟ್ಟೆ. ಅದೇ ಎಣ್ಣೆಯಲ್ಲಿ ಅವರು ನಟ್ ತಿರುಗಿಸುವ ಪಾನಾಗಳನ್ನು ಒರೆಸಿದೆ, ಕತ್ತರಿ ಒರೆಸಿದೆ, ಈಳಿಗೆ ಒರೆಸಿದೆ. ಕೊನೆಗೆ ಆ ಹೊಸ ರಬ್ಬರುಗಳು ಉಳಿದವು. ನನ್ನ ಭಾನುವಾರವೆಲ್ಲ ಅವುಗಳ ಮೇಲೇ ನಿಂತಿತ್ತಲ್ಲ, ಅವಕ್ಕೆ ಒಂದು ಕೈ ಹೆಚ್ಚೇ ಪ್ರೀತಿ ತೋರಿಸಿದೆ. ಒಂದೊಂದನ್ನೂ ಎತ್ತಿ, ಒಳಗೂ ಹೊರಗೂ ಎಣ್ಣೆ ಸವರಿ, ಕಂಚಿನ ತಾಟಿನಲ್ಲಿ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಚೆಂಡುಹೂವು ಇಟ್ಟೆ. ಅವು ಆ ತಾಟಿನಲ್ಲಿ ಒಂದು ಹಗಲು ಒಂದು ರಾತ್ರಿ ಇದ್ದವು.

ದಸರೆಯ ದಿನ ಅವರು ರಬ್ಬರುಗಳನ್ನು ಹಾಕಿದರು. ನಾನು ತುಳಿದೆ, ಹಿಡಿದೆ, ಬಿಟ್ಟೆ. ಎಂದಿಲ್ಲದಷ್ಟು ಹುರುಪಿನಿಂದ ತುಳಿದೆ. ಪೆಡಲು ಗಟ್ಟಿಯಾಗಿ ಬಂತು.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾವು ಪವಾಯಿಗೆ ಹೊರಟೆವು. ನಾನು ಇಳಕಲ್ ಸೀರೆ ಉಟ್ಟಿದ್ದೆ, ತೊಡೆಯ ಮೇಲೆ ಸೀಮೆಸುಣ್ಣದ ಚೀಲ. ಗೋರೆಗಾಂವ್‌ನಿಂದ ಪವಾಯಿಗೆ ಆರೆ ಕಾಲನಿಯ ರಸ್ತೆ, ಎಡಬಲ ಗಿಡ, ಎಮ್ಮೆಯ ತಬೇಲೆಗಳು. ಸ್ವಲ್ಪ ದೂರ ಹೋದ ಮೇಲೆ ಕಾರು ತಾನಾಗಿ ನಿಧಾನವಾಯಿತು. ಅವರು ಎಕ್ಸಿಲರೇಟರ್ ಒತ್ತಿದರು. ಎಂಜಿನ್ ಕೂಗಿತು, ಕಾರು ಹೋಗಲಿಲ್ಲ. ಸುಟ್ಟ ವಾಸನೆ ಬಂತು. ಏರಿನ ನಡುವೆ, ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದಂತೆ ಕಾರು ನಿಂತೇಬಿಟ್ಟಿತು. ನಾಲ್ಕೂ ಗಾಲಿಗಳನ್ನು ಬ್ರೇಕು ಹಿಡಿದುಕೊಂಡಿತ್ತು, ಬಿಡುತ್ತಲೇ ಇರಲಿಲ್ಲ.

ಅವರು ಕೆಳಗಿಳಿದು ಅಂಗಿಯ ತೋಳು ಮಡಿಸಿದರು. ಆ ತೋಳು ಮಡಿಸುವುದನ್ನು ನೋಡಿಯೇ ನಾನು ತೊಡೆಯ ಮೇಲಿನ ಚೀಲ ತೆಗೆದು ಹಿಂದಿನ ಸೀಟಿಗಿಟ್ಟೆ.

"ಈ ಕಡೆ ಬಾ. ಐದು ಮಿನಿಟಿನ ಕೆಲಸ."

ನಾನು ಡ್ರೈವರ್ ಸೀಟಿಗೆ ಸರಿದೆ. ಅವರು ನಟ್ ಸಡಿಲಿಸಿದರೆ ಗಾಲಿಗಳು ಬಿಡುತ್ತಿದ್ದವು, ಹತ್ತು ಮಾರು ಹೋದರೆ ಮತ್ತೆ ಹಿಡಿಯುತ್ತಿದ್ದವು. ಮತ್ತೆ ಕೆಳಗೆ. ಮತ್ತೆ ತುಳಿ, ಹಿಡಿ. ಒಂಬತ್ತಾಯಿತು, ಅಲ್ಲಿ ಮಕ್ಕಳು ಬಂದು ಕೂತಿರಬೇಕು. ಪವಾಯಿಯ ಬಸ್ಸು ನಮ್ಮನ್ನು ದಾಟಿ ಹೋಯಿತು. ಹತ್ತೂವರೆಗೆ ಇನ್ನೊಂದು ಹೋಯಿತು. ಅದರೊಳಗಿನ ಜನ ಕಿಟಕಿಯಿಂದ ಬಗ್ಗಿ ನೋಡಿದರು. ಅಷ್ಟು ದೊಡ್ಡ ಕಾರಿನಲ್ಲಿ ಸಿಂಗರಿಸಿಕೊಂಡು ಕುಳಿತ ಹೆಂಗಸೊಬ್ಬಳು ಯಾಕೆ ಅಳುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿರಬೇಕು. ಹೌದು, ಅಳುತ್ತಿದ್ದೆ. ಸದ್ದಿಲ್ಲದೆ, ಕಾಲು ಕದಲಿಸದೆ.

ಇಳಿದು ಬಸ್ಸು ಹತ್ತಬಾರದಿತ್ತೇ ಎಂದು ನನ್ನ ಮಗಳು ಈಗ ಕೇಳುತ್ತಾಳೆ. ಹತ್ತಬಹುದಿತ್ತು. ಬಾಗಿಲಿಗೆ ಬೀಗವಿರಲಿಲ್ಲ. ಆದರೆ ಕೆಳಗೆ ಅವರು ನಟ್ ಸಡಿಲಿಸಿಕೊಂಡು ಮಲಗಿದ್ದರು. ನನ್ನ ಕಾಲಿಗೆ 'ಬಿಡು' ಎಂಬ ಮಾತು ಕೇಳದೆ ಮೇಲೇಳುವ ಅಭ್ಯಾಸವೇ ಹೋಗಿತ್ತು. ಇದನ್ನು ಅವಳಿಗೆ ಹೇಗೆ ತಿಳಿಸಿ ಹೇಳಲಿ?

ಮಧ್ಯಾಹ್ನ ಅವರು ನಟ್‌ಗಳನ್ನು ಸಡಿಲವಾಗಿಯೇ ಬಿಟ್ಟರು, ತಬೇಲೆಯ ಭೈಯಾ ಒಬ್ಬ ತನ್ನ ಟ್ರಕ್ಕಿಗೆ ಹಗ್ಗ ಕಟ್ಟಿ ಕಾರನ್ನು ಮನೆಗೆ ಎಳೆದು ತಂದ. ಮರುದಿನ, ಮೂರು ವರ್ಷದಲ್ಲಿ ಮೊದಲ ಸಲ, ಆ ಕಾರು ಕಂಪನಿಯ ವರ್ಕ್‌ಶಾಪಿಗೆ ಹೋಯಿತು. ನಾನೂ ಜೊತೆಗೆ ಹೋದೆ. ಒಳಗೆ ಗಿರಾಕಿಗಳನ್ನು ಬಿಡುತ್ತಿರಲಿಲ್ಲ. ಗಾಜಿನ ಗೋಡೆಯಾಚೆ ನಾಲ್ಕು ಜನ ತಮ್ಮ ಕಾರನ್ನು ಬಿಚ್ಚುತ್ತಿದ್ದುದನ್ನು ನನ್ನ ಗಂಡ ಈಚೆ ನಿಂತು ನೋಡಿದರು. ಒಬ್ಬ ಪಾನಾ ತಪ್ಪು ಹಿಡಿದಾಗ ಅವರ ಕೈ ತಾನಾಗಿ ಮುಂದೆ ಹೋಗಿ ಗಾಜಿಗೆ ಬಡಿಯಿತು.

ತಾಸಿನ ಮೇಲೆ ಮುದುಕ ಫೋರ್‌ಮನ್ ಹೊರಗೆ ಬಂದ. ಅವನ ಅಂಗೈಯಲ್ಲಿ ನನ್ನ ರಬ್ಬರುಗಳಿದ್ದವು. ಉಬ್ಬಿ, ಮೆತ್ತಗಾಗಿ, ಆಕಾರಗೆಟ್ಟಿದ್ದವು.

"ಇಸ್ ಪೇ ಮಷೀನ್ ಕಾ ತೇಲ್ ಕಿಸ್ ನೇ ಲಗಾಯಾ?" ಎಂದ, ಇದಕ್ಕೆ ಮಷೀನ್ ಎಣ್ಣೆ ಹಚ್ಚಿದ್ದು ಯಾರು ಎಂದು. ಈ ರಬ್ಬರಿಗೆ ಬ್ರೇಕ್ ಆಯಿಲ್ ಬಿಟ್ಟು ಬೇರೆ ಎಣ್ಣೆ ಸೋಕಿದರೆ ಉಬ್ಬುತ್ತದೆ, ಉಬ್ಬಿದರೆ ಬ್ರೇಕು ಹಿಡಿದದ್ದು ಬಿಡುವುದಿಲ್ಲ, ಇದು ತಿಳಿಯದವರು ಪಾನಾ ಮುಟ್ಟಬಾರದು ಎಂದ. ಕೊನೆಗೆ ನನ್ನ ಗಂಡನ ಮುಖ ನೋಡಿಕೊಂಡೇ, "ಅನಾಡೀ ಕಾ ಕಾಮ್ ಹೈ, ಸಾಬ್," ಎಂದ, ಕೆಲಸ ಬಾರದವರ ಕೈಚಳಕ ಇದು ಎಂದು.

ನನಗೆ ಖಂಡೇನವಮಿಯ ಪೂಜೆ ನೆನಪಾಯಿತು. ಚೆಂಡುಹೂವು, ಕಂಚಿನ ತಾಟು, ಉದ್ದ ಮೂಗಿನ ಡಬ್ಬಿ. ಬಾಯಿ ತೆರೆದೆ.

"ನನ್ನ ಕೈಗೆ ಫ್ಯಾಕ್ಟರಿ ಎಣ್ಣಿ ಇದ್ದಿರಬೇಕು," ಎಂದರು ಅವರು, ನನ್ನ ಕಡೆ ತಿರುಗಿ, ಮೆಲ್ಲಗೆ. "ತೊಳಕೊಂಡಿದ್ದೆ ಅಂತ ಮಾಡೀನಿ. ನಂದ ತಪ್ಪು."

ನಾನು ಬಾಯಿ ಮುಚ್ಚಿದೆ. ಯಾಕೆಂದು ನನಗೆ ಆಗಲೇ ಗೊತ್ತಿತ್ತು, ಸುಳ್ಳು ಹೇಳಲಾರೆ. ನಾನು ಮಾಡಿದ್ದು ಎಂದು ಹೇಳಿದ್ದರೆ ಅವರ ತಪ್ಪು ಅವರದಲ್ಲವಾಗುತ್ತಿತ್ತು, ಮುಂದಿನ ಭಾನುವಾರ ಪಾನಾ ಪೆಟ್ಟಿಗೆ ಮತ್ತೆ ಹೊರಗೆ ಬರುತ್ತಿತ್ತು.

ಹೊಸ ರಬ್ಬರಿಗಾಗಿ ಕಾರು ಮೂರು ತಿಂಗಳು ಅಲ್ಲೇ ಇತ್ತು. ನಾನು ಪವಾಯಿಯ ಹಿರಿಯರ ಕಾಲಿಗೆ ಬೀಳುವುದೊಂದು ಬಾಕಿ, ಕ್ಷಮೆ ಕೇಳಿ ಕ್ಲಾಸು ಶುರು ಮಾಡಿದೆ. ಒಂಬತ್ತಿದ್ದ ಮಕ್ಕಳು ಇಪ್ಪತ್ತಾದವು. 'ಳ'ಕ್ಕೆ ನಾಲಿಗೆ ತಿರುಗಿಸಲು ಅವು ಪಡುತ್ತಿದ್ದ ಪಾಡು ನೋಡಿ ನಗುತ್ತಿದ್ದೆ, ನಗುತ್ತಲೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಬಾಗಿಲು ತೆಗೆದ ಕೂಡಲೇ ನಗು ನಿಲ್ಲುತ್ತಿತ್ತು.

ಅವರು ಮನೆ ಮುಂದಿನ ಗ್ಯಾಲರಿಯಲ್ಲಿ ಕೂತಿರುತ್ತಿದ್ದರು. ಕಾರು ವಾಪಸ್ ಬಂದ ಮೇಲೂ ಅದರ ಬಾನೆಟ್ ಎತ್ತಲಿಲ್ಲ. ಸಣ್ಣ ಸದ್ದಾದರೂ ವರ್ಕ್‌ಶಾಪಿಗೆ ಕಳಿಸುತ್ತಿದ್ದರು, ಚೀಟಿ ಓದದೆ ಸಹಿ ಹಾಕುತ್ತಿದ್ದರು. ಯಾವ ನಟ್ಟಿಗೂ ದಾರ ಸುತ್ತಲಿಲ್ಲ. ಮನೆಯ ಫ್ಯೂಸ್ ಹೋದಾಗ, "ಯಾರನ್ನರ ಕರಸು, ನಾ ಮಾಡಿದ್ರ ಇನ್ನೇನರ ಆದೀತು," ಎಂದರು. ಮದುವೆಯಾದಾಗಿನಿಂದ ಅವರ ಉಗುರಿನಲ್ಲಿ ಕಪ್ಪು ಗ್ರೀಸು ನೋಡಿದವಳು ನಾನು, ಎಷ್ಟು ಬೈದಿದ್ದೇನೆ. ಈಗ ಉಗುರು ಬೆಳ್ಳಗಾಗಿದ್ದವು. ಅವನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕಾರಿನಿಂದ ಇಳಿದೆ ಅಂದುಕೊಂಡಿದ್ದೆ, ಇಳಿದಿರಲಿಲ್ಲ. ಮೊದಲು ಕಾಲು ಹಿಡಿದು ಕೂತಿದ್ದೆ, ಆ ಒಂದು ವರ್ಷ ಬಾಯಿ ಹಿಡಿದು ಕೂತೆ.

ಮತ್ತೆ ಖಂಡೇನವಮಿ ಬಂತು. ಅವರು ಪಾನಾ ಪೆಟ್ಟಿಗೆ ತಂದುಕೊಡಲಿಲ್ಲ. ನಾನೇ ಮಂಚದ ಕೆಳಗಿನಿಂದ ಎಳೆದು, ತುಕ್ಕು ಉಜ್ಜಿ, ದೇವರ ಮುಂದಿಟ್ಟೆ.

"ಅವನ್ಯಾಕ ತಗದಿ? ಯಾರು ಮುಟ್ಟವ್ರದಾರ?"

ನಾನು ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡೆ. "ಆ ರಬ್ಬರಿಗೆ ಎಣ್ಣಿ ಹಚ್ಚಿದಾಕಿ ನಾನು."

"ಯಾವ ರಬ್ಬರು?"

"ಹ್ವಾದ ವರ್ಷದ್ದು. ಪೂಜಿಗೆ ಇಟ್ಟಾಗ. ಹೊಲಿಗಿ ಮಷೀನಿನ ಎಣ್ಣಿ."

ಅವರು ಮಷೀನಿನ ಕಡೆ ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ಒಂದು ವರ್ಷ ಸುಮ್ಮನಿದ್ದಿ?"

"ಇದ್ದೆ."

"ಯಾಕ?"

"ಹೇಳಿದ್ರ ನೀವು ಮತ್ತ ಕರೀತಿದ್ರಿ."

ಅವತ್ತು ಮನೆಯಲ್ಲಿ ಹೋಳಿಗೆ ಉಂಡದ್ದು ಇಬ್ಬರಿಗೂ ರುಚಿ ಹತ್ತಲಿಲ್ಲ.

ಆ ವರ್ಷ ದಸರೆ ಭಾನುವಾರವೇ ಬಂದಿತ್ತು. ಹೊಸ ಮಕ್ಕಳಿಗೆ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸುವ ದಿನ, ಎಂಟರ ಬಸ್ಸು ತಪ್ಪಿಸುವ ಹಾಗಿರಲಿಲ್ಲ. ಆರಕ್ಕೆ ಎದ್ದಾಗ ದೇವರ ಮುಂದೆ ಪಾನಾ ಪೆಟ್ಟಿಗೆ ಇರಲಿಲ್ಲ. ಜಡೆ ಹಾಕಿಕೊಳ್ಳುತ್ತಿದ್ದಾಗ ಕಿಟಕಿಯ ಕೆಳಗಿನಿಂದ ದನಿ ಬಂತು.

"ಏ, ಜರಾ ಕೆಳಗ ಬಾ!"

ಎಷ್ಟು ದಿನದ ಮೇಲೆ ಆ ದನಿ! ಸಂತೋಷವಾಯಿತು. ಅದರ ಬೆನ್ನಿಗೇ ಹೆದರಿಕೆಯಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಕಾರಿನ ಕೆಳಗೆ ಎರಡು ಕಾಲು ಕಾಣುತ್ತಿದ್ದವು, ಬಾಗಿಲು ತೆರೆದಿತ್ತು, ಸೀಟಿನ ಮೇಲೆ ಟವೆಲ್ ಹಾಸಿತ್ತು.

"ಎಂಟರ ಬಸ್ಸದ ನಂದು."

"ಗೊತ್ತದ. ವರ್ಕ್‌ಶಾಪಿನವರು ಬ್ರೇಕ್ ಸರಿ ಮಾಡಿಲ್ಲ. ಒಂದ ಗಾಲಿ ಅಷ್ಟ."

ಕುಳಿತೆ. ತುಳಿದೆ, ಹಿಡಿದೆ. ಒಂದು ಗಾಲಿ ಎರಡಾಯಿತು. ಪಕ್ಕದ ಸೀಟಿನಲ್ಲಿ ಸೀಮೆಸುಣ್ಣದ ಚೀಲವಿತ್ತು. ಕೈಗಡಿಯಾರ ಏಳೂಮುಕ್ಕಾಲು ತೋರಿಸಿತು.

"ಬಿಡ್ಲೇನ್ರಿ?"

"ತಡಿ, ಇನ್ನೂ ಗುಳ್ಳಿ ಬರ್ಲಿಕ್ಕತ್ತಾವ."

ಸುಮ್ಮನೆ ಕಾಲು ತೆಗೆದು ಹೋಗಿಬಿಡಬಹುದಿತ್ತು. ಅವರ ಬೆಳಗಿನ ಕೆಲಸವೆಲ್ಲ ಹಾಳಾಗುತ್ತಿತ್ತು. ಹಾಳು ಮಾಡುವ ಮನಸ್ಸಿರಲಿಲ್ಲ, ಕೂರುವ ಮನಸ್ಸೂ ಇರಲಿಲ್ಲ. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಕೇಳಿಸುವಂತೆ ಮಾತಾಡುತ್ತಿದ್ದ ದನಿಯಲ್ಲಿ ಹೇಳಿದೆ:

"ನಟ್ ಬಿಗಿ ಮಾಡ್ರಿ. ಮೂರು ಎಣಸ್ತೀನಿ. ಆಮ್ಯಾಲೆ ನಾ ಕಾಲು ತಗೀತೀನಿ."

ಎಡಗಾಲನ್ನು ತೆರೆದ ಬಾಗಿಲಾಚೆ ನೆಲಕ್ಕಿಟ್ಟೆ.

"ಒಂದು," ಎಂದೆ.

"ಎರಡು," ಎನ್ನುವಷ್ಟರಲ್ಲಿ ಗಡಿಬಿಡಿಯಿಂದ ಪಾನಾ ತಿರುಗಿದ್ದು ಕೇಳಿತು, ನಟ್ಟು ಕಚ್ಚಿ ಕೂತದ್ದು ಪೆಡಲಿನ ಮೂಲಕ ನನ್ನ ಅಂಗಾಲಿಗೂ ತಿಳಿಯಿತು. ಮೂರು ಎಂದೆ.

"ಬಿಡು," ಎಂದರು ಅವರು ಕೆಳಗಿನಿಂದ. ಅಷ್ಟು ಹೊತ್ತಿಗೆ ನಾನು ಚೀಲ ಎತ್ತಿಕೊಂಡು ಗೇಟು ದಾಟಿದ್ದೆ.